ಅಪ್ಪ, ಟೇಕ್ ಮತ್ತು ಆಫ್ಟರ್

ತುಂಬಾ ದಿನದಿಂದ ಬರೀಬೇಕು ಅಂದುಕೊಂಡಿದ್ದ ವಿಷಯ ಇದು. ಸ್ವಲ್ಪ ನಾಚಿಕೆಯ ಪ್ರಸಂಗ, ಹಾಗಾಗಿ ಮುಂದಕ್ಕೆ ಹಾಕುತ್ತಲೇ ಬಂದೆ.

ನನ್ನ ಮೊದಲ ಕೆಲಸದ ದಿನಗಳು. ಊರಿಂದ ಬಂದಿದ್ದ ಅಪ್ಪ ನನ್ನ ಆಫೀಸು ನೋಡಬೇಕು ಅಂದರು. ಕರೆದುಕೊಂಡು ಹೋದೆ. ಬಾಗಿಲಲ್ಲೇ ಮ್ಯಾನೇಜರ್ ಎದುರಾದರು. ಅಪ್ಪನ ಕೈ ಕುಲುಕಿ, ನನ್ನ ಕಡೆ ತಿರುಗಿ ನಗುತ್ತಾ, "ಯೂ ಟೇಕ್ ಆಫ್ಟರ್ ಯುವರ್ ಫಾದರ್" ಅಂದರು. ಕನ್ನಡ ಮೀಡಿಯಂನಲ್ಲಿ ಓದಿದ ನನಗೆ 'ಲುಕ್ ಆಫ್ಟರ್' ಗೊತ್ತಿತ್ತು, 'ಟೇಕ್ ಕೇರ್' ಗೊತ್ತಿತ್ತು. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದೆ. "ಎಸ್ ಸರ್, ಎವ್ರಿ ಮಂತ್ ಐ ಸೆಂಡ್ ಮನಿ" ಅಂದೆ, ಹೆಮ್ಮೆಯಿಂದ!

ಸುತ್ತ ಇದ್ದವರೆಲ್ಲ ಜೋರಾಗಿ ನಕ್ಕರು. ಇಂಗ್ಲಿಷ್ ಬಾರದ ಅಪ್ಪನೂ ಅವರ ಜೊತೆ ನಕ್ಕರು. ವಾಪಸ್ ಬರುವಾಗ ಬಸ್ಸಿನಲ್ಲಿ, "ಏನಂದ್ರೋ ನಿಮ್ಮ ಸಾಹೇಬ್ರು?" ಅಂತ ಕೇಳಿದರು. "ಏನಿಲ್ಲ, ಊಟ ಆಯ್ತಾ ಅಂತ ಕೇಳಿದ್ರು" ಅಂದೆ. ರಾತ್ರಿ ಡಿಕ್ಷನರಿ ತೆಗೆದು ನೋಡಿದರೆ... ನೀನು ನಿನ್ನ ಅಪ್ಪನ ಹಾಗೇ ಇದ್ದೀಯ ಅಂದಿದ್ದರು ಅವರು.

'ರಿಸೆಂಬಲ್' ಅಂದಿದ್ದರೆ ತಕ್ಷಣ ಅರ್ಥವಾಗುತ್ತಿತ್ತು. ಅದನ್ನು ಸ್ಪೆಲಿಂಗ್ ಸಮೇತ ಉರು ಹೊಡೆದಿದ್ದೆ. ದೊಡ್ಡ ಪದ ಬರುತ್ತೆ, ಎರಡು ಸಣ್ಣ ಪದ ಸೇರಿದರೆ ಬರಲ್ಲ. ಯಾಕೆ ಹೀಗೆ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಸಾವಿರ ವರ್ಷದ ಕಥೆ.

ಮೊದಲನೆಯದಾಗಿ, 'ಟೇಕ್' ಅನ್ನೋದು ಮೂಲತಃ ಇಂಗ್ಲಿಷ್ ಪದವೇ ಅಲ್ಲ! ಹಳೆಯ ಇಂಗ್ಲಿಷಿನಲ್ಲಿ ತೆಗೆದುಕೊಳ್ಳುವುದಕ್ಕೆ 'ನಿಮನ್' ಅನ್ನುತ್ತಿದ್ದರು. ಜರ್ಮನ್ನರು ಇವತ್ತಿಗೂ 'ನೇಮೆನ್' ಅನ್ನುತ್ತಾರೆ. 793ರಲ್ಲಿ ಲಿಂಡಿಸ್‌ಫಾರ್ನ್ ಮಠದ ಮೇಲೆ ದಾಳಿ ಮಾಡಿದ ವೈಕಿಂಗರು ಆಮೇಲೆ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆ ನಿಂತರು. 1016ರಲ್ಲಂತೂ ಡೇನರ ಕನೂಟ್ ಇಡೀ ಇಂಗ್ಲೆಂಡಿಗೇ ರಾಜನಾದ. ಅವರ ಜೊತೆ ಬಂದ ಪದ 'ತಾಕ'. ಕೆಲವು ಶತಮಾನಗಳಲ್ಲಿ ಅದು 'ನಿಮನ್' ಅನ್ನು ಮೂಲೆಗೆ ತಳ್ಳಿತು. ಹಳೆಯ ಪದದ ಗುರುತು 'ನಂಬ್' ಅನ್ನುವುದರಲ್ಲಿ ಇನ್ನೂ ಉಳಿದಿದೆ, ಅಂದರೆ ಏನೋ ಹಿಡಿದುಕೊಂಡಿರುವ ಕೈ. ನಾವೂ ಕೈಗೆ ಜೋಮು 'ಹಿಡೀತು' ಅಂತೀವಲ್ಲ, ಹಾಗೆ.

ಇನ್ನು ಆ ಪುಟ್ಟ ಪದಗಳ ಕಥೆ. ಹಳೆಯ ಇಂಗ್ಲಿಷಿನಲ್ಲಿ ಅವು ಹೆಚ್ಚಾಗಿ ಕ್ರಿಯಾಪದದ ಮುಂದೆ ಅಂಟಿಕೊಳ್ಳುತ್ತಿದ್ದವು, ನಮ್ಮ ಸಂಸ್ಕೃತದ ಉಪಸರ್ಗಗಳ ಹಾಗೆ. 'ಹೃ' ಧಾತುವಿನ ಅರ್ಥವೂ ತೆಗೆದುಕೊಳ್ಳು, ಒಯ್ಯು ಅಂತಲೇ. ಅದರಿಂದ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಹೇಗಾದವು ನೋಡಿ. ವೇದಗಳ ಭಾಷೆಯಲ್ಲಿ ಉಪಸರ್ಗ ಕ್ರಿಯಾಪದದಿಂದ ದೂರ ನಿಲ್ಲಬಹುದಿತ್ತು, ಆಮೇಲೆ ಅಂಟಿಕೊಂಡಿತು. ಇಂಗ್ಲಿಷಿನಲ್ಲಿ ಉಲ್ಟಾ. ಅಂಟಿಕೊಂಡಿದ್ದ ಪದಗಳು ಬಿಡಿಸಿಕೊಂಡು ಕ್ರಿಯಾಪದದ ಹಿಂದೆ ಹೋಗಿ ನಿಂತವು. 'ಅಂಡರ್‌ಸ್ಟ್ಯಾಂಡ್', 'ಓವರ್‌ಕಮ್' ಥರದ ಕೆಲವು ಹಾಗೇ ಉಳಿದವು. ಪೀಟರ್‌ಬರೋ ಮಠದ ಸನ್ಯಾಸಿಗಳು 1154ರವರೆಗೆ ಬರೆದ ವೃತ್ತಾಂತದಲ್ಲೇ 'ಗಿವ್ ಅಪ್' ಸಿಗುತ್ತದೆ, ಕೋಟೆ ಒಪ್ಪಿಸಿಬಿಡುವ ಅರ್ಥದಲ್ಲಿ.

ಅಷ್ಟರಲ್ಲಿ 1066 ಆಗಿಹೋಗಿತ್ತು. ನಾರ್ಮನ್ನರು ಗೆದ್ದರು, ಆಸ್ಥಾನಕ್ಕೆ ಫ್ರೆಂಚ್ ಬಂತು. ಮುಂದಿನ ಶತಮಾನಗಳಲ್ಲಿ ಫ್ರೆಂಚ್, ಲ್ಯಾಟಿನ್ ಪದಗಳು ರಾಶಿ ರಾಶಿಯಾಗಿ ಇಂಗ್ಲಿಷಿಗೆ ಸೇರಿದವು. ನಾನು ಉರು ಹೊಡೆದ 'ರಿಸೆಂಬಲ್' ಕೂಡ ಫ್ರೆಂಚಿನಿಂದ ಬಂದದ್ದೇ. ಬರಹಕ್ಕೆ ಆ ಪದಗಳು, ಅಡುಗೆಮನೆಗೆ, ಬೀದಿಗೆ ಈ ಸಣ್ಣ ಜೋಡಿಗಳು. ನಮ್ಮ ಶಾಲೆ ಕಲಿಸಿದ್ದು ಬರಹದ ಇಂಗ್ಲಿಷ್, ಮ್ಯಾನೇಜರ್ ಆಡಿದ್ದು ಬೀದಿಯದು. ಎರಡರ ನಡುವೆ ಸಿಕ್ಕಿಹಾಕಿಕೊಂಡವನು ನಾನು :-)

ಇದು ಪರಭಾಷಿಕರಿಗೆ ಕಷ್ಟ ಅಂತ ಮೊದಮೊದಲು ಒಪ್ಪಿಕೊಂಡವರಲ್ಲಿ ಡಾ. ಜಾನ್ಸನ್ ಒಬ್ಬ. 1755ರ ತನ್ನ ಮಹಾ ನಿಘಂಟಿನ ಮುನ್ನುಡಿಯಲ್ಲೇ, ಹೊರಗಿನವರಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಈ ಜೋಡಿಗಳು ಅಂತ ಬರೆದು ಒಂದು ಪಟ್ಟಿ ಕೊಟ್ಟ. ಅದರಲ್ಲಿ 'ಟೇಕ್ ಆಫ್' ಕೂಡ ಇದೆ, ನಕಲು ಮಾಡು ಅನ್ನುವ ಅರ್ಥದಲ್ಲಿ! ವಿಮಾನ ಇನ್ನೂ ಹುಟ್ಟಿರಲಿಲ್ಲವಲ್ಲ. 'ಟೇಕ್' ಒಂದಕ್ಕೇ ಆತ ಕೊಟ್ಟ ಅರ್ಥಗಳು 134. ಇಷ್ಟಾದರೂ 'ಫ್ರೇಸಲ್ ವರ್ಬ್' ಅನ್ನುವ ಹೆಸರು ಚಲಾವಣೆಗೆ ಬಂದಿದ್ದು 1925ರಲ್ಲಿ, ಲೋಗನ್ ಪಿಯರ್ಸಲ್ ಸ್ಮಿತ್ ಬರೆದ ಪುಸ್ತಕದಿಂದ.

ಇನ್ನೊಂದು ತಮಾಷೆ ಕೇಳಿ. 1930ರಲ್ಲಿ ಸಿ. ಕೆ. ಆಗ್ಡೆನ್ ಎಂಬಾತ ಜಗತ್ತಿಗೆಲ್ಲ ಸುಲಭವಾಗಲಿ ಅಂತ 850 ಪದಗಳ 'ಬೇಸಿಕ್ ಇಂಗ್ಲಿಷ್' ಮಾಡಿದ. ಕ್ರಿಯಾಪದ ಬರೀ 18. ಉಳಿದಿದ್ದಕ್ಕೆ ಟೇಕ್, ಪುಟ್, ಗೆಟ್‌ಗಳ ಪಕ್ಕ ಅಪ್, ಆಫ್, ಇನ್ ಸೇರಿಸಿಕೊಂಡರಾಯ್ತು ಅಂದ. ಪಟ್ಟಿ ಚಿಕ್ಕದಾಯ್ತು ನಿಜ. ಆದರೆ ಆ ಜೋಡಿಗಳ ಅರ್ಥ ಪಟ್ಟಿಯಲ್ಲಿ ಎಲ್ಲಿದೆ? ನನ್ನಂಥವನಿಗೆ ಕಷ್ಟವಾದದ್ದನ್ನೇ ಆತ ಸುಲಭದ ದಾರಿ ಅಂದುಕೊಂಡಿದ್ದ.

ಹಾಗಂತ ನಾವೇನು ಕಡಿಮೆ? ಕನ್ನಡ ಕಲಿಯುವವರ ಪಾಡು ನೋಡಿ. ತೆಗೆದುಕೋ, ತೆಗೆದುಹಾಕು, ತೆಗೆದಿಡು, ತೆಗೆದುಕೊಡು. 'ತೆಗೆ' ಒಂದೇ, ಹಿಂದೆ ಬಂದವರು ಅದನ್ನು ನಾಲ್ಕು ದಿಕ್ಕಿಗೆ ಎಳೆದರು. ಪುಸ್ತಕದಿಂದ ಕನ್ನಡ ಕಲಿತವರು 'ತ್ಯಜಿಸು' ಅಂತಾರೆ, ನಾವು 'ಬಿಟ್ಬಿಡು ಮಾರಾಯ' ಅಂತೀವಿ. ಅವರಿಗೆ ನಗುವ ಮುಂಚೆ ಈಗ ನನಗೆ ಆ ಆಫೀಸಿನ ಬಾಗಿಲು ನೆನಪಾಗುತ್ತೆ.

ಈ ಇತಿಹಾಸ ಓದಿದ ಮೇಲೆ ನನ್ನ ನಾಚಿಕೆಯೇನೋ ಹೋಯಿತು. ಹೋಗದೆ ಉಳಿದದ್ದು ಇನ್ನೊಂದು. ಅರ್ಥ ಗೊತ್ತಾದ ರಾತ್ರಿಯಾದರೂ ಪಕ್ಕದಲ್ಲೇ ಮಲಗಿದ್ದ ಅಪ್ಪನನ್ನು ಎಬ್ಬಿಸಿ, "ನಾನು ನಿಮ್ಮ ಹಾಗೇ ಇದೀನಂತೆ" ಅಂತ ಹೇಳಬಹುದಿತ್ತು. ಎಷ್ಟು ಖುಷಿಪಡ್ತಿದ್ದರೋ. ಹೇಳಲಿಲ್ಲ. ಈಗ ಅಪ್ಪ ಇಲ್ಲ.

ನಿಮ್ಮನ್ನು ಬೀಳಿಸಿದ ಸಣ್ಣ ಪದ ಯಾವುದು? ನೀವೂ ಬರೆಯಿರಿ, ಓದುತ್ತೇನೆ.