ಒಂದೇ ಆಸನದ ಪುಷ್ಪಕ

ಪುಷ್ಪಕ ವಿಮಾನದ ವಿಷಯದಲ್ಲಿ ನಮ್ಮ ಅಜ್ಜಿ ಒಂದು ಮಾತು ಹೇಳುತ್ತಿದ್ದಳು: ಅದರಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಉಳಿಯುತ್ತಿತ್ತಂತೆ. ಲಂಕೆಯಿಂದ ಹೊರಟಾಗ ರಾಮ, ಸೀತೆ, ಲಕ್ಷ್ಮಣರಲ್ಲದೆ ಸುಗ್ರೀವ ವಿಭೀಷಣರೂ ಅವರ ಪರಿವಾರವೂ ಹತ್ತಿದ್ದಾಯಿತು. ಕಿಷ್ಕಿಂಧೆಯ ಹತ್ತಿರ ಬಂದಾಗ ಸೀತೆ, ತಾರೆ ಮೊದಲಾದ ಹೆಂಗಸರನ್ನೂ ಕರೆದುಕೊಂಡು ಹೋಗೋಣ ಎಂದಳು, ಅವರಿಗೂ ಜಾಗವಾಯಿತು. ದಾರಿಯುದ್ದಕ್ಕೂ ರಾಮ ಕೆಳಗೆ ಬೆರಳು ಮಾಡಿ ಸೇತುವನ್ನು, ಋಷ್ಯಮೂಕವನ್ನು, ಪಂಪೆಯನ್ನು ಹೆಂಡತಿಗೆ ತೋರಿಸುತ್ತ ಬಂದ. ಯುದ್ಧ ಮುಗಿದಿತ್ತು, ಮನಸ್ಸು ಹಗುರಾಗಿತ್ತು. ಬಂಧುಮಿತ್ರರೊಡನೆ ಸಂತೋಷವಾಗಿ ಹಾರಾಡಿದವರ ಕಥೆಯಲ್ಲಿ ನಾನು ಮೊದಲು ಕೇಳಿದ್ದು ಇದು.

ಈ ಕಥೆ ಮತ್ತೆ ನೆನಪಾದದ್ದು 2011ರ ಜನವರಿಯಲ್ಲಿ, ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದ ಬೇಲಿಯ ಪಕ್ಕದಲ್ಲಿ. ನಾವು ಐದು ಜನ ಹೋಗಿದ್ದೆವು: ನಾನು, ನನ್ನಾಕೆ, ಹದಿನೇಳು ವರ್ಷದ ಮಗಳು, ನನ್ನ ಅಕ್ಕ, ಮತ್ತು ಈ ಎಲ್ಲ ಉಪದ್ವ್ಯಾಪಕ್ಕೂ ಕಾರಣರಾದ, ವಿಮಾನದ ಹುಚ್ಚಿನ ಸ್ನೇಹಿತರೊಬ್ಬರು. ಎದುರಿಗೆ ನಿಂತಿದ್ದ ಯಂತ್ರಕ್ಕೆ ಮೂರು ಸಣ್ಣ ಗಾಲಿ, ತಲೆಯ ಮೇಲೆ ತ್ರಿಕೋನಾಕಾರದ ಬಟ್ಟೆಯ ರೆಕ್ಕೆ, ಬೆನ್ನಿಗೆ ಒಂದು ಎಂಜಿನ್ನು. ಗೋಡೆಯಿಲ್ಲ, ಕಿಟಕಿಯಿಲ್ಲ. ಆಸನಗಳು ಎರಡು, ಒಂದರ ಹಿಂದೆ ಒಂದು. ಒಂದು ನಡೆಸುವವನಿಗೆ ಮೀಸಲು. ಅಂದರೆ ಐದು ಜನರಿಗೆ ಉಳಿದದ್ದು ಒಂದು. ಆ ಒಂದಕ್ಕೆ ಮಗಳು ವಾರದ ಹಿಂದೆಯೇ ಹಕ್ಕುಸಾಧಿಸಿ, ತಂದೆ ಸಹಿ ಮಾಡಬೇಕಾದ ಫಾರಮ್ಮನ್ನು ಮನೆಗೆ ತಂದಿದ್ದಳು. ಏನಾದರೂ ಆದರೆ ಹೊಣೆ ನಮ್ಮದೇ ಎಂಬ ಅರ್ಥದ ಸಾಲುಗಳು ಅದರಲ್ಲಿದ್ದವು. ನಾನು ಸಹಿ ಹಾಕಲೂ ಇಲ್ಲ, ಆಗದೆನ್ನಲೂ ಇಲ್ಲ. ತೀರ್ಮಾನ ಮಾಡಲಾಗದವರು ಮಾಡುವ ಕೆಲಸವನ್ನು ನಾನೂ ಮಾಡಿದೆ. ಪುಸ್ತಕ ತೆಗೆದು ಕುಳಿತೆ.

ವಿಮಾನದ ಚರಿತ್ರೆ ಎಂದರೆ ಸಾಮಾನ್ಯವಾಗಿ ರೈಟ್ ಸಹೋದರರು, ಅಂಚೆ, ಬಾಂಬು, ಆಮೇಲೆ ಟಿಕೆಟ್ಟು. ಯಾವ ಕೆಲಸವೂ ಇಲ್ಲದೆ, ಯಾವ ಊರಿಗೂ ಹೋಗದೆ, ಸುಮ್ಮನೆ ಹಾರಿದವರ ಕಥೆ ಈ ದೊಡ್ಡ ಚರಿತ್ರೆಯ ಅಂಚಿನಲ್ಲಿದೆ. ಅದರ ಆದಿಪುರುಷನೆಂದು ನನಗೆ ತೋರುವವನು ಆಲ್ಬರ್ಟೊ ಸಾಂತೋಸ್ ದ್ಯೂಮೊ. 1873ರಲ್ಲಿ ಬ್ರೆಜಿಲ್‌ನ ಕಾಫಿ ತೋಟದ ಶ್ರೀಮಂತರ ಮನೆಯಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ನೆಲೆಸಿದವನು. 1903ರಲ್ಲಿ ಅವನ ಬಳಿ ಒಂದು ಪುಟ್ಟ ವಾಯುನೌಕೆಯಿತ್ತು: ಅನಿಲ ತುಂಬಿದ ಚೀಲ, ಅದರ ಕೆಳಗೆ ಒಂದು ಬುಟ್ಟಿ, ಸಣ್ಣ ಎಂಜಿನ್ನು. ನಮ್ಮವರು ಸಂಜೆ ಸೈಕಲ್ಲು ಹತ್ತುವಂತೆ ಅವನು ಅದನ್ನು ಹತ್ತುತ್ತಿದ್ದ. ಷಾಂಜೆಲಿಜೆ ಬೀದಿಯ ತನ್ನ ಮನೆಯ ಮುಂದೆಯೇ ಇಳಿದು, ನೌಕೆಯನ್ನು ಹೊರಗೆ ಕಟ್ಟಿಸಿ, ಒಳಗೆ ಹೋಗಿ ಕಾಫಿ ಕುಡಿದು ಬಂದದ್ದುಂಟು. ಸ್ನೇಹಿತರನ್ನು ಊಟಕ್ಕೆ ಕರೆದರೆ ಎತ್ತರದ ಮೇಜು, ಎತ್ತರದ ಕುರ್ಚಿ. ಬಡಿಸುವವರು ಏಣಿ ಹತ್ತಬೇಕು. ಆಕಾಶದಲ್ಲಿ ಉಣ್ಣುವುದು ಹೇಗಿರುತ್ತದೆಂದು ಅವರಿಗೂ ತಿಳಿಯಲಿ ಎಂದು!

ಅದೇ ವರ್ಷದ ಜೂನ್ ತಿಂಗಳಲ್ಲಿ ಆಯಿದಾ ದೆ ಅಕೋಸ್ತಾ ಎಂಬ ಹುಡುಗಿ ತಾನೂ ಹಾರಬೇಕೆಂದು ಕೇಳಿದಳು. ಅವನು ಬೇರೆ ಯಾರಿಗೂ ಕೊಡದ ನೌಕೆಯನ್ನು ಅವಳಿಗೆ ಕೊಟ್ಟ. ಕೆಲವು ಪಾಠ ಹೇಳಿದ, ಒಬ್ಬಳನ್ನೇ ಮೇಲೆ ಬಿಟ್ಟ; ತಾನು ಕೆಳಗೆ ಸೈಕಲ್ಲು ಹತ್ತಿ, ಕೈಸನ್ನೆ ಮಾಡುತ್ತ, ಕೂಗುತ್ತ ಅವಳ ಹಿಂದೆ ಓಡಿದ. ಅವಳು ಬಾಗಾತೆಲ್ ಮೈದಾನದಲ್ಲಿ ಪೋಲೋ ಪಂದ್ಯ ನಡೆಯುತ್ತಿದ್ದಲ್ಲಿ ಇಳಿದಳು. ಎಂಜಿನ್ನಿನ ವಾಹನವನ್ನು ಒಂಟಿಯಾಗಿ ಆಕಾಶದಲ್ಲಿ ನಡೆಸಿದ ಮೊದಲ ಹೆಂಗಸು ಆಕೆ. ರೈಟ್ ಸಹೋದರರು ಹಾರಿದ್ದು ಅದೇ ವರ್ಷದ ಡಿಸೆಂಬರಿನಲ್ಲಿ ಎಂಬುದನ್ನು ನೆನೆದರೆ ಇದರ ಮಹತ್ತ್ವ ತಿಳಿದೀತು. ಆದರೆ ತಂದೆತಾಯಿಗಳಿಗೆ ವಿಷಯ ತಿಳಿದಾಗ ಸಿಡಿಲೆರಗಿದಂತಾಯಿತು. ಹುಡುಗಿಯ ಹೆಸರು ಪತ್ರಿಕೆಯಲ್ಲಿ ಬರಕೂಡದೆಂದು ಬೇಡಿಕೊಂಡರು. ಅವಳೂ ದಶಕಗಳ ಕಾಲ ಬಾಯಿ ಬಿಡಲಿಲ್ಲ. ಇದನ್ನು ಓದಿ ನಾನು ಪುಸ್ತಕ ಮುಚ್ಚಿದೆ. ಆ ತಂದೆಯ ಮೇಲೆ ನನಗೆ ಕೋಪ ಬರಬೇಕಾಗಿತ್ತು, ಬರಲಿಲ್ಲ.

1907ರ ಹೊತ್ತಿಗೆ ಸಾಂತೋಸ್ ದ್ಯೂಮೊ ಚೀಲವನ್ನು ಬಿಟ್ಟು ರೆಕ್ಕೆಯನ್ನು ಹಿಡಿದಿದ್ದ. ಬಿದಿರಿನ ಕಾಯ, ರೇಷ್ಮೆಯ ರೆಕ್ಕೆ, ಅದರ ಕೆಳಗೆ ಒಬ್ಬನೇ ಕೂರುವ ಜಾಗ. 'ದೆಮ್ವಾಜೆಲ್' ಎಂದು ಹೆಸರು. ಫ್ರೆಂಚಿನಲ್ಲಿ ಕನ್ಯೆಯೂ ಹೌದು, ಏರೋಪ್ಲೇನ್ ಚಿಟ್ಟೆಯೂ ಹೌದು. ಇಂದು ನಾವು ಅತಿಹಗುರ ವಿಮಾನವೆನ್ನುವ ವಂಶಕ್ಕೆ ಇವಳೇ ಮೂಲಮಾತೆ. ಅದರ ಮೇಲೆ ಅವನು ಹಕ್ಕುಪತ್ರ ಪಡೆಯಲಿಲ್ಲ. ಬೇಕಾದವರು ಮಾಡಿಕೊಳ್ಳಿ ಎಂದ. ಅಮೆರಿಕದ 'ಪಾಪ್ಯುಲರ್ ಮೆಕ್ಯಾನಿಕ್ಸ್' ಪತ್ರಿಕೆ 1910ರಲ್ಲಿ ಅದರ ನಕ್ಷೆಯನ್ನೇ ಅಚ್ಚು ಹಾಕಿತು. ಟೆನ್ನಿಸ್ ಪ್ರಿಯರ ಬಾಯಲ್ಲಿ ಪ್ರತಿ ವರ್ಷ ಹೆಸರು ಕೇಳುವ ರೋಲಾಂ ಗಾರೋಸ್ ಹಾರಲು ಕಲಿತದ್ದು ಈ ಚಿಟ್ಟೆಯ ಮೇಲೆಯೇ. ಅವನು 1918ರಲ್ಲಿ ಯುದ್ಧವಿಮಾನದಲ್ಲಿ ಮಡಿದ. ಆಟಕ್ಕೆಂದು ಹಂಚಿದ್ದು ಕೊಲೆಯ ಸಾಧನವಾದದ್ದನ್ನು ಕಂಡ ಸಾಂತೋಸ್ ದ್ಯೂಮೊ, ಬಹುಕಾಲದ ಕಾಯಿಲೆಯಿಂದಲೂ ನೊಂದು, 1932ರಲ್ಲಿ ತಾನಾಗಿಯೇ ಪ್ರಾಣ ಕಳೆದುಕೊಂಡ.

ಅವನು ಹೋದ ಮರುವರ್ಷವೇ, 1933ರ ಸೆಪ್ಟೆಂಬರಿನಲ್ಲಿ, ಫ್ರಾನ್ಸಿನ ಆಂರಿ ಮಿನ್ಯೆ ಎಂಬವನು ಒಂದು ವಿಚಿತ್ರ ಪುಟಾಣಿಯನ್ನು ಹಾರಿಸಿದ. ಕೈಕಾಲುಗಳ ಹೊಂದಾಣಿಕೆ ಬೇಡುವ ಮಾಮೂಲು ವಿಮಾನ ಮಿನ್ಯೆಗೆ ಒಗ್ಗಿರಲಿಲ್ಲ. ನನಗೆ ಒಗ್ಗದಿದ್ದರೆ ದೋಷ ನನ್ನದಲ್ಲ, ವಿಮಾನದ್ದು ಎಂದು ತೀರ್ಮಾನಿಸುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಅವನು ಕಾಲಿನ ಪೆಡಲುಗಳನ್ನೇ ತೆಗೆದುಹಾಕಿದ. ಮುಂದೊಂದು ರೆಕ್ಕೆ, ಹಿಂದೊಂದು ರೆಕ್ಕೆ. ಕೈಯಲ್ಲಿನ ಒಂದೇ ಕೋಲು ಎಲ್ಲವನ್ನೂ ಆಳುತ್ತದೆ. 'ಆಕಾಶದ ಹೇನು' ಎಂದು ಹೆಸರಿಟ್ಟ; ಇಂಗ್ಲಿಷಿನವರು ಅದನ್ನು ಚಿಗಟವಾಗಿಸಿದರು. 1934ರಲ್ಲಿ ಅವನು ಬರೆದ ಪುಸ್ತಕದಲ್ಲಿ ಮರ, ಅಂಟು, ಬಟ್ಟೆ, ಮೊಳೆ, ಮೋಟಾರ್ ಸೈಕಲ್ಲಿನಂಥ ಎಂಜಿನ್ನು ಎಲ್ಲಕ್ಕೂ ವಿವರವಿತ್ತು. ಮರದ ಪೆಟ್ಟಿಗೆಗೆ ಮೊಳೆ ಹೊಡೆಯಬಲ್ಲವನು ವಿಮಾನವನ್ನೂ ಮಾಡಬಲ್ಲ ಎಂಬುದು ಅವನ ಮತ. 1935ರ ಆಗಸ್ಟಿನಲ್ಲಿ ಅದರಲ್ಲೇ ಕುಳಿತು ಕಡಲ್ಗಾಲುವೆ ದಾಟಿ ಇಂಗ್ಲೆಂಡಿಗೆ ಹಾರಿ ಬಂದ. ಜನ ಹುಚ್ಚೆದ್ದರು. ಗುಮಾಸ್ತರು, ಮೆಕ್ಯಾನಿಕ್ಕುಗಳು, ಶಾಲೆಯ ಹುಡುಗರು, ಕಾರ್ ಷೆಡ್ಡುಗಳಲ್ಲೂ ಮನೆಯ ನಡುಮನೆಗಳಲ್ಲೂ ರೆಕ್ಕೆ ಕಟ್ಟತೊಡಗಿದರು. ರೆಕ್ಕೆಗೆ ಬಟ್ಟೆ ಹೊಲಿಯಲು ಮನೆಯವರ ನೆರವು, ಯಂತ್ರವನ್ನು ಮೈದಾನಕ್ಕೆ ಸಾಗಿಸಲು ನೆರೆಹೊರೆಯವರ ಹೆಗಲು. ಆಸನ ಒಂದೇ ಇದ್ದರೂ ಕಟ್ಟುವಾಗ ಓಣಿಯೆಲ್ಲ ಅದರಲ್ಲಿ ಕುಳಿತಿತ್ತು.

ಆಮೇಲೆ ಅವು ಬೀಳತೊಡಗಿದವು. ಮೂತಿ ಕೆಳಗಾಗಿ ಧುಮುಕಿದ ಚಿಗಟ ಮತ್ತೆ ಮೇಲೇಳುತ್ತಿರಲಿಲ್ಲ. ಚಾಲಕ ಕೋಲನ್ನು ಎಷ್ಟು ಎಳೆದರೂ ಇಲ್ಲ. ಇಂಗ್ಲೆಂಡಿನಲ್ಲಿ ಫಾರ್ನ್‌ಬರೋದಲ್ಲಿಯೂ ಫ್ರಾನ್ಸಿನಲ್ಲಿ ಷಾಲೆ ಮ್ಯೂದೊನಿನಲ್ಲಿಯೂ ಇಡೀ ವಿಮಾನವನ್ನೇ ಗಾಳಿಸುರಂಗದಲ್ಲಿ ನಿಲ್ಲಿಸಿ ಪರೀಕ್ಷಿಸಿದರು. ಕಾರಣ ಸಿಕ್ಕಿತು. ಕೋಲನ್ನೆಳೆದರೆ ಮುಂದಿನ ರೆಕ್ಕೆ ಮೇಲೆತ್ತಬೇಕು, ಮೂತಿ ಏಳಬೇಕು. ಆದರೆ ಎರಡು ರೆಕ್ಕೆಗಳೂ ತೀರ ಹತ್ತಿರವಿದ್ದುದರಿಂದ, ನಡುವಿನ ಸಂದಿಯಲ್ಲಿ ರಭಸವಾಗಿ ನುಗ್ಗಿದ ಗಾಳಿ ಹಿಂದಿನ ರೆಕ್ಕೆಯನ್ನೂ ಎತ್ತುತ್ತಿತ್ತು. ತಕ್ಕಡಿಯ ಈಚೆಯ ತಟ್ಟೆಯನ್ನು ಎತ್ತಹೋದರೆ ಆಚೆಯ ತಟ್ಟೆ ಅದಕ್ಕಿಂತ ಹೆಚ್ಚಾಗಿ ಏಳುವಂತೆ. ಬದುಕಲೆಂದು ಮಾಡುವ ಕೆಲಸವೇ ಸಾವಿಗೆ ದೂಡುತ್ತಿತ್ತು. 1936ರಲ್ಲಿ ಎರಡು ದೇಶಗಳಲ್ಲೂ ಅದಕ್ಕೆ ತಡೆ ಬಿತ್ತು.

ಮಿನ್ಯೆಯನ್ನು ಏನೆನ್ನಬೇಕು? ಈ ಪ್ರಶ್ನೆ ಆ ವಾರವೆಲ್ಲ ನನ್ನನ್ನು ಕಾಡಿತು. ಅವನು ಮೋಸಗಾರನಲ್ಲ, ತಾನು ಹಾರಿದ್ದನ್ನೇ ಇತರರಿಗೆ ಕೊಟ್ಟ. ಉಪ್ಪಿನಕಾಯಿ ಹಾಕುವ ವಿಧಾನವನ್ನು ನಮ್ಮ ಅಕ್ಕ ಎಷ್ಟೋ ಜನಕ್ಕೆ ಬರೆದುಕೊಟ್ಟಿದ್ದಾಳೆ. ಕೈಗುಣವನ್ನು ಬರೆದುಕೊಡಲು ಬರುವುದಿಲ್ಲ. ಉಪ್ಪಿನಕಾಯಿ ಕೆಟ್ಟರೆ ಭರಣಿ ಹೋಗುತ್ತದೆ, ಅಷ್ಟೆ. ಇಲ್ಲಿ ಹೋದದ್ದು ಮನೆಯ ಮಗ. ಮಿನ್ಯೆ ತನ್ನ ವಿನ್ಯಾಸವನ್ನು ತಿದ್ದಿದ, ಜೀವಮಾನವೆಲ್ಲ ತಿದ್ದುತ್ತಲೇ ಇದ್ದ, ಅವನ ವಂಶದ ವಿಮಾನಗಳು ಮುಂದೆ ಸುರಕ್ಷಿತವಾಗಿ ಹಾರಿದವು ಎಂಬುದು ನಿಜ. ತನಗೆ ಸುಲಭವಾದದ್ದು ಎಲ್ಲರಿಗೂ ಸುಲಭವೆಂದು ಅವನು ನಂಬಿದ್ದನ್ನು ಮಾತ್ರ ನಾನು ಕ್ಷಮಿಸಲಾರೆ. ಹಾಗೆಂದು ಅವನನ್ನು ಬೈಯಲೂ ಬಾಯಿ ಬರುವುದಿಲ್ಲ.

ಮುಂದಿನ ಕಥೆ ಅಡಿಗೆಮನೆಯಲ್ಲಿ ಹುಟ್ಟಿತು. 1948ರಲ್ಲಿ ಅಮೆರಿಕದ ವಾಯುವಿಜ್ಞಾನ ಎಂಜಿನಿಯರ್ ಫ್ರಾನ್ಸಿಸ್ ರೊಗಾಲೊ ಮತ್ತು ಅವನ ಹೆಂಡತಿ ಗರ್ಟ್ರೂಡ್ ಸೇರಿ, ಕಡ್ಡಿಯಿಲ್ಲದೆ ಗಾಳಿಯಿಂದಲೇ ಆಕಾರ ತಳೆಯುವ ಒಂದು ಗಾಳಿಪಟ ಮಾಡಿದರು. ಮನೆಯ ಫ್ಯಾನೇ ಅವರ ಗಾಳಿಸುರಂಗ. ಅಡಿಗೆಮನೆಯ ಹಳೆಯ ಪರದೆಯೇ ರೆಕ್ಕೆ. ಹಕ್ಕುಪತ್ರದಲ್ಲಿ ಗಂಡಹೆಂಡಿರಿಬ್ಬರ ಹೆಸರೂ ಇದೆ. ಗಗನನೌಕೆಯನ್ನು ನೆಲಕ್ಕಿಳಿಸಲು ಬಂದೀತೇ ಎಂದು ನಾಸಾದವರು ಆ ರೆಕ್ಕೆಯನ್ನು ಪರೀಕ್ಷಿಸಿ, ಕೊನೆಗೆ ಕೈಬಿಟ್ಟರು. ಆದರೆ ಅದರ ಚಿತ್ರವೊಂದು ಆಸ್ಟ್ರೇಲಿಯದ ಗ್ರಾಫ್ಟನ್ ಎಂಬ ಊರಿನ ಜಾನ್ ಡಿಕೆನ್ಸನ್ನನ ಕಣ್ಣಿಗೆ ಬಿತ್ತು. 1963ರಲ್ಲಿ, ಊರಿನ ಹೂವಿನ ಹಬ್ಬದ ನೀರಾಟಕ್ಕೆಂದು, ಬಾಳೆಗೊನೆಗೆ ಮುಚ್ಚುವ ಪ್ಲಾಸ್ಟಿಕ್ ಹಾಳೆಯಿಂದ ಅವನು ಅಂಥ ರೆಕ್ಕೆ ಕಟ್ಟಿ, ದೋಣಿಯಿಂದ ಎಳೆಸಿ ಹಾರಿಸಿದ. ಅದರಡಿಯಲ್ಲಿ ತೂಗುವ ಮೈಯ ಭಾರವನ್ನು ಅತ್ತಿತ್ತ ಸರಿಸಿದರೆ ಸಾಕು, ರೆಕ್ಕೆ ಹೇಳಿದಂತೆ ಕೇಳುತ್ತದೆ. ಜಕ್ಕೂರಿನಲ್ಲಿ ನಮ್ಮೆದುರು ನಿಂತಿದ್ದ ತ್ರಿಕೋನದ ಹಿರಿಯಜ್ಜ ಅದೇ.

ಇಷ್ಟರ ಮೇಲೆ ಎಂಜಿನ್ನು ಕಟ್ಟುವವನೊಬ್ಬ ಬೇಕಾಗಿತ್ತು. 1975ರಲ್ಲಿ ಅಮೆರಿಕದ ಜಾನ್ ಮೂಡಿ ತನ್ನ ಗ್ಲೈಡರಿಗೆ ಒಂದು ಪುಟ್ಟ ಎಂಜಿನ್ನನ್ನು ಬಿಗಿದು, ತನ್ನ ಎರಡು ಕಾಲುಗಳ ಮೇಲೆಯೇ ಓಡಿ ನೆಲ ಬಿಟ್ಟ. ಮರುವರ್ಷ ಆಷ್‌ಕಾಷ್‌ನ ವಿಮಾನ ಜಾತ್ರೆಯಲ್ಲಿ ಅದನ್ನು ತೋರಿಸಿದ್ದೇ ತಡ, ಕೆಲವೇ ವರ್ಷಗಳಲ್ಲಿ ಹೊಲಗದ್ದೆಗಳ ಮೇಲೆಲ್ಲ ಇವುಗಳ ಗುಂಯ್‌ಗಾನ. 1982ರಲ್ಲಿ ಅಲ್ಲಿನ ಸರ್ಕಾರ ಕಾನೂನು ಮಾಡಿತು. ವಿಮಾನದ ತೂಕ 254 ಪೌಂಡು, ಎಂದರೆ ಸುಮಾರು 115 ಕಿಲೋ ಮೀರಕೂಡದು. ಪೆಟ್ರೋಲು 5 ಗ್ಯಾಲನ್ನು. ಹಗಲಿನಲ್ಲಿಯೇ ಹಾರಬೇಕು, ಜನಸಂದಣಿಯ ಮೇಲೆ ಹಾರಬಾರದು. ಇಷ್ಟಾದರೆ ಲೈಸೆನ್ಸು ಬೇಡ. ಆದರೆ ಆಸನ ಒಂದೇ ಇರಬೇಕು! ನಿನ್ನ ಕತ್ತನ್ನು ಪಣಕ್ಕೊಡ್ಡುವುದು ನಿನ್ನಿಷ್ಟ, ನಿನ್ನ ಭಾವಮೈದುನನ ಕತ್ತನ್ನು ಮಾತ್ರ ಒಡ್ಡಬೇಡ ಎಂಬುದು ಅದರ ತಾತ್ಪರ್ಯ. ಮಿನ್ಯೆಯ ಕಥೆ ಓದಿದ ಮೇಲೆ ಈ ಕಾನೂನು ನನಗೆ ಕಠಿಣವೆನಿಸಲಿಲ್ಲ. ಕೆನಡಾದ ಬಿಲ್ ಲಿಷ್‌ಮನ್ ಒಂಟಿತನಕ್ಕೆ ಬೇರೊಂದು ಉಪಾಯ ಕಂಡುಕೊಂಡ. ಮೊಟ್ಟೆಯೊಡೆದಂದಿನಿಂದ ತನ್ನನ್ನೇ ತಾಯಿಯೆಂದು ನಂಬಿದ ಹೆಬ್ಬಾತುಗಳನ್ನು ಸಾಕಿ, 1993ರಲ್ಲಿ ಅವುಗಳನ್ನು ತನ್ನ ಪುಟ್ಟ ವಿಮಾನದ ಹಿಂದೆ ಒಂಟೇರಿಯೊದಿಂದ ವರ್ಜೀನಿಯದವರೆಗೆ ಕರೆದೊಯ್ದ. ಸಂಸಾರಕ್ಕೆ ಆಸನ ಬೇಕಿರಲಿಲ್ಲ. ಅವರವರ ರೆಕ್ಕೆ ಅವರವರಿಗಿತ್ತು.

ನಮ್ಮ ಬೆಂಗಳೂರೂ ಈ ವಂಶಾವಳಿಯ ಹೊರಗಲ್ಲ. 1958ರಲ್ಲಿ ಹಿಂದೂಸ್ತಾನ್ ಕಾರ್ಖಾನೆ ಫ್ಲೈಯಿಂಗ್ ಕ್ಲಬ್ಬುಗಳಿಗೆಂದು ಕಟ್ಟಿದ ಹಗುರ ವಿಮಾನಕ್ಕೆ ಪುಷ್ಪಕ್ ಎಂದೇ ಹೆಸರಿಟ್ಟಿತು. ಅದರಲ್ಲಿ ಇದ್ದದ್ದು ಎರಡೇ ಆಸನ. ನಮ್ಮ ದೇಶದಲ್ಲಿ ಇಂಥ ಪುಟ್ಟ ಯಂತ್ರಕ್ಕೂ ಲೈಸೆನ್ಸು ಪಡೆದ ಚಾಲಕ ಬೇಕು. ಅಂದು ಜಕ್ಕೂರಿನಲ್ಲಿ ಅಂಥವನೊಬ್ಬ, ಮಂಜು ಕರಗುವುದನ್ನು ಕಾಯುತ್ತ, ಪ್ರತಿಯೊಂದು ನಟ್ಟನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಅವಸರವಿಲ್ಲ, ಮಾತಿಲ್ಲ. ಎರಡನೆಯ ಸುತ್ತು ಮತ್ತೆ ಮೊದಲ ನಟ್ಟಿನಿಂದ ಶುರುಮಾಡಿದ.

"ಏನೋ, ಸಹಿ ಹಾಕ್ತೀಯೋ ಇಲ್ಲವೋ? ಬಿಸಿಲೇರಿತು" ಎಂದಳು ಅಕ್ಕ.

ಹಾಕಿದೆ. ಮಗಳು ಶಿರಸ್ತ್ರಾಣ ತೊಟ್ಟು ಹಿಂದಿನ ಆಸನದಲ್ಲಿ ಕುಳಿತಳು. ಯಂತ್ರ ಸ್ವಲ್ಪ ದೂರ ಓಡಿ, ಗಾಳಿಪಟಕ್ಕೆ ಗಾಳಿ ಸಿಕ್ಕಂತೆ, ನೆಲವನ್ನು ಬಿಟ್ಟಿತು. ನನ್ನಾಕೆ ನನ್ನ ತೋಳನ್ನು ಹಿಡಿದಿದ್ದಳು. ಕಾಲುಗಳು ತಾವಾಗಿಯೇ ಬೇಲಿಯುದ್ದಕ್ಕೂ ಓಡತೊಡಗಿದ್ದು ನನಗೆ ತಿಳಿದದ್ದು, ಸ್ನೇಹಿತರು ಹಿಂದಿನಿಂದ ನಕ್ಕಾಗ. ನನ್ನ ಹತ್ತಿರ ಸೈಕಲ್ಲಿರಲಿಲ್ಲ.

ಹತ್ತು ನಿಮಿಷದಲ್ಲಿ ಇಳಿದಳು. ಮಾತು ಹೊರಡಲಿಲ್ಲ, ಕಣ್ಣಲ್ಲಿ ನೀರು, ಗಾಳಿಗೋ ಏನೋ. ಆಮೇಲೆ ಒಂದೇ ಸಮನೆ ಶುರುವಾಯಿತು: ಜಕ್ಕೂರು ಕೆರೆ ಹಾಗಿತ್ತು, ಬಳ್ಳಾರಿ ರಸ್ತೆ ಹೀಗಿತ್ತು, ನಾವೆಲ್ಲ ಬೇಲಿಯ ಪಕ್ಕದಲ್ಲಿ ಚುಕ್ಕೆಗಳಾಗಿದ್ದೆವು, ಒಂದು ಚುಕ್ಕೆ ಮಾತ್ರ ಓಡುತ್ತಿತ್ತು. ಅಕ್ಕ ಎಲ್ಲವನ್ನೂ ಕೇಳಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ, ಚಾಲಕನ ಕಡೆ ತಿರುಗಿದಳು.

"ನನ್ನ ವಯಸ್ಸಿನವರಿಗೂ ಒಂದು ಫಾರಂ ಇದೆಯೇನಪ್ಪಾ?"