ಪ್ರೌಢಶಾಲಾ ಶಿಕ್ಷಕರ ಆರಂಭಿಕ ವೇತನ (ಸುರತ್ಕಲ್)

ಮಂಗಳೂರು ಮಹಾನಗರಪಾಲಿಕೆ ವ್ಯಾಪ್ತಿಯ ಸುರತ್ಕಲ್ಲಿನಲ್ಲಿ ಸರ್ಕಾರಿ ಪ್ರೌಢಶಾಲೆಗೆ ಹೊಸದಾಗಿ ಸೇರುವ ಸಹಶಿಕ್ಷಕರ ಮೂಲವೇತನವನ್ನು ಊರು ನಿರ್ಧರಿಸುವುದಿಲ್ಲ. ಅದು ರಾಜ್ಯದ ವೇತನ ಶ್ರೇಣಿಗೆ ಸೇರಿದ್ದು. ಊರಿನಿಂದ ಊರಿಗೆ ಬದಲಾಗುವುದು ಜನಸಂಖ್ಯೆಗೆ ತಕ್ಕ ಮನೆಬಾಡಿಗೆಯಂಥ ಭತ್ಯೆಗಳು ಮಾತ್ರ. 1956ಕ್ಕೆ ಮುಂಚೆ ದಕ್ಷಿಣ ಕನ್ನಡ ಮದರಾಸು ರಾಜ್ಯದಲ್ಲಿತ್ತು, ಹಾಗಾಗಿ ಇಲ್ಲಿನ ಸಂಬಳಕ್ಕೂ ಅಲ್ಲಿನ ನಿಯಮಗಳೇ ಅನ್ವಯಿಸುತ್ತಿದ್ದವು.

2012ರ ಪರಿಷ್ಕರಣೆಯಲ್ಲಿ ಶ್ರೇಣಿ ರೂ. 17,650–32,000 ಆಯಿತು. ಎಂ.ಆರ್. ಶ್ರೀನಿವಾಸಮೂರ್ತಿ ನೇತೃತ್ವದ ಆರನೇ ವೇತನ ಆಯೋಗದ ಬಳಿಕ, 2018ರಲ್ಲಿ, ಅದು 33,450–62,600ಕ್ಕೆ ಏರಿತು. ಕೆ. ಸುಧಾಕರ ರಾವ್ ಅವರ ಏಳನೇ ಆಯೋಗದ ಶಿಫಾರಸು 2024ರ ಆಗಸ್ಟ್‌ನಿಂದ ಜಾರಿಗೆ ಬಂದು, ಆರಂಭಿಕ ಮೂಲವೇತನ 54,175 ಆಯಿತು.

ಈ ಜಿಗಿತಗಳನ್ನು ಹಾಗೆಯೇ ನಂಬುವಂತಿಲ್ಲ. ಕೊನೆಯ ಏರಿಕೆಯಾದ 20,725 ರೂಪಾಯಿಯಲ್ಲಿ ಅರ್ಧದಷ್ಟು, ಅದಾಗಲೇ ಪಡೆಯುತ್ತಿದ್ದ ಶೇ. 31 ತುಟ್ಟಿಭತ್ಯೆ ಮೂಲವೇತನದಲ್ಲಿ ವಿಲೀನಗೊಂಡದ್ದು. ನಿಜವಾದ ಹೆಚ್ಚಳವೆಂದರೆ ಹಳೆಯ ಮೂಲವೇತನದ ಮೇಲೆ ಕೊಟ್ಟ ಶೇ. 27.5ರ ಫಿಟ್‌ಮೆಂಟ್. 2006ರ ಏಪ್ರಿಲ್‌ನಿಂದ ಈಚೆಗೆ ನೇಮಕಗೊಂಡವರಿಗೆ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಕಡಿತವೂ ಉಂಟು.

ಪಕ್ಕದ ಪಣಂಬೂರಿನ ಕೇಂದ್ರೀಯ ವಿದ್ಯಾಲಯದಲ್ಲಿ ಲೆಕ್ಕ ಬೇರೆ. ಅಲ್ಲಿ ಇದೇ ದರ್ಜೆಯ ಪದವೀಧರ ಶಿಕ್ಷಕರ ಆರಂಭಿಕ ಮೂಲವೇತನ, 2016ರ ಕೇಂದ್ರ ಪರಿಷ್ಕರಣೆಯಂತೆ, 44,900. ಆಗ ರಾಜ್ಯ ಬಹಳ ಹಿಂದಿತ್ತು. ಈಗ ಅಂಕಿಯಲ್ಲಿ ಮುಂದೆ ಕಂಡರೂ ಎರಡೂ ಕಡೆಯ ತುಟ್ಟಿಭತ್ಯೆ ಬೇರೆ ಬೇರೆಯಾದ್ದರಿಂದ ನೇರ ಹೋಲಿಕೆ ಸಲ್ಲದು.

ಖಾಲಿ ಹುದ್ದೆ ತುಂಬುವ ಅತಿಥಿ ಶಿಕ್ಷಕರು ಈ ಶ್ರೇಣಿಗಳ ಹೊರಗಿದ್ದಾರೆ. 2025–26ರ ಬಜೆಟ್ ಅವರ ಮಾಸಿಕ ಗೌರವಧನವನ್ನು 2,000 ರೂಪಾಯಿ ಹೆಚ್ಚಿಸಿ 12,500ಕ್ಕೆ ತಂದಿತು.