ಎಡ್ಮಂಡ್ ಬರ್ಕ್ ಎಣಿಸಿದ ಕೆರೆಗಳು

ರಾತ್ರಿ ಒಂಬತ್ತರ ಚರ್ಚೆ ಶುರುವಾಗಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ ನಮ್ಮ ಸ್ಟುಡಿಯೋದಲ್ಲಿ ಯಾರಾದರೊಬ್ಬರು ಇನ್ನೊಬ್ಬರಿಗೆ ‘ನೀವು ಸಂಪ್ರದಾಯವಾದಿ’ ಅಂತ ಹೇಳೇ ಹೇಳ್ತಾರೆ. ಹೇಳಿಸಿಕೊಂಡವರು ಒಂದೋ ಸಿಟ್ಟಾಗ್ತಾರೆ, ಇಲ್ಲವೇ ‘ಹೌದು, ಏನೀಗ?’ ಅಂತ ಎದೆ ಸೆಟೆಸ್ತಾರೆ. ವಿಚಿತ್ರ ಅಂದ್ರೆ ಇಬ್ಬರೂ ಆ ಪದಕ್ಕೆ ಕೊಡುವ ಅರ್ಥ ಒಂದೇ: ಇದ್ದದ್ದು ಇದ್ದ ಹಾಗೇ ಇರಬೇಕು, ಮೇಲಿದ್ದವರು ಮೇಲೇ ಇರಬೇಕು. ನಿರೂಪಕನ ಕುರ್ಚಿಯಲ್ಲಿ ಕೂತು ನಾನೂ ಎಷ್ಟೋ ಸಲ ಅದೇ ಅರ್ಥದಲ್ಲಿ ಬಳಸಿದ್ದೇನೆ. ಆದರೆ ಈ ವಾದದ ಪಿತಾಮಹ ಅಂತ ಕರೆಸಿಕೊಳ್ಳುವ ಮನುಷ್ಯನ ಕತೆ ಓದಿದ ಮೇಲೆ ಆ ಪದ ಅಷ್ಟು ಸಲೀಸಾಗಿ ಬಾಯಿಗೆ ಬರ್ತಿಲ್ಲ. ಆ ಕತೆಯಲ್ಲಿ ನಮ್ಮ ಹೈದರಲಿ ಬರ್ತಾನೆ. ಕೆರೆಗಳು ಬರ್ತವೆ.

ಆತ ಎಡ್ಮಂಡ್ ಬರ್ಕ್. ಐರ್ಲೆಂಡಿನ ಡಬ್ಲಿನ್‌ನಲ್ಲಿ ಹುಟ್ಟಿದವನು. ತಂದೆ ಪ್ರಾಟೆಸ್ಟಂಟ್, ತಾಯಿ ಕ್ಯಾಥೊಲಿಕ್. ಇಂಗ್ಲೆಂಡಿನ ಪಾರ್ಲಿಮೆಂಟ್ ಸೇರಿ ಮೂವತ್ತು ವರ್ಷದ ಹತ್ತಿರ ಹತ್ತಿರ ಅಲ್ಲೇ ಇದ್ದ. ಅವನು ತನ್ನನ್ನು ‘ಕನ್ಸರ್ವೇಟಿವ್’ ಅಂತ ಕರೆದುಕೊಂಡವನೇ ಅಲ್ಲ. ರಾಜಕೀಯದಲ್ಲಿ ಆ ಪದ ಚಾಲ್ತಿಗೆ ಬಂದದ್ದೇ ಅವನು ಸತ್ತ ಮೇಲೆ, 19ನೇ ಶತಮಾನದಲ್ಲಿ. ಅವನಿದ್ದದ್ದು ವಿಗ್ ಪಕ್ಷದಲ್ಲಿ, ಅಂದರೆ ರಾಜನ ಅಧಿಕಾರಕ್ಕೆ ಕಡಿವಾಣ ಹಾಕಬೇಕು ಅನ್ನುವವರ ಜೊತೆ. ಅಮೆರಿಕದ ವಸಾಹತುಗಳ ಮೇಲೆ ಯುದ್ಧ ಬೇಡ, ರಾಜಿ ಮಾಡಿಕೊಳ್ಳಿ ಅಂತ 1775ರಲ್ಲಿ ವಾದಿಸಿದ. ಕ್ಯಾಥೊಲಿಕರ ಮೇಲಿದ್ದ ಕಾನೂನುಗಳನ್ನು ಸಡಿಲಿಸಿ ಅಂದ. ಅದರ ಬೆಲೆಯಾಗಿ ಬ್ರಿಸ್ಟಲ್ ಕ್ಷೇತ್ರವನ್ನೇ ಕಳೆದುಕೊಂಡ.

ಜಗತ್ತು ಅವನನ್ನು ನೆನಪಿಟ್ಟುಕೊಂಡಿರುವುದು 1790ರ ಪುಸ್ತಕಕ್ಕಾಗಿ. ಫ್ರಾನ್ಸಿನ ಕ್ರಾಂತಿ ಶುರುವಾಗಿ ಆಗಿನ್ನೂ ಒಂದೂಕಾಲು ವರ್ಷ. ಯುರೋಪಿನ ಎಷ್ಟೋ ಬುದ್ಧಿವಂತರು ಚಪ್ಪಾಳೆ ತಟ್ಟುತ್ತಿದ್ದರು. ಬರ್ಕ್ ಮಾತ್ರ ಇದು ರಕ್ತಪಾತದಲ್ಲಿ ಮುಗಿಯುತ್ತದೆ, ಕೊನೆಗೆ ಸೈನ್ಯ ಯಾರ ಮಾತು ಕೇಳುತ್ತದೋ ಆ ಸೇನಾಪತಿ ದೇಶದ ಒಡೆಯನಾಗುತ್ತಾನೆ ಅಂತ ಬರೆದ. 1793ರಲ್ಲಿ ರಾಜನ ತಲೆ ಉರುಳಿತು. 1799ರಲ್ಲಿ ನೆಪೋಲಿಯನ್ ಅಧಿಕಾರ ಹಿಡಿದ. ಅಷ್ಟು ಹೊತ್ತಿಗೆ ಬರ್ಕ್ ಸತ್ತು ಎರಡು ವರ್ಷವಾಗಿತ್ತು.

ಎಂಜಿನಿಯರಿಂಗ್ ಓದಿದ ನನಗೆ ಅವನ ವಾದ ಹೀಗೆ ಅರ್ಥವಾಗುತ್ತದೆ. ಹಳೇ ಮನೆಯೊಂದರ ಗೋಡೆ ನಿಮಗೆ ಅಡ್ಡ ಅನ್ನಿಸುತ್ತದೆ. ಒಡೆಯಬಹುದು. ಆದರೆ ಸುತ್ತಿಗೆ ಎತ್ತುವ ಮೊದಲು ಆ ಗೋಡೆ ಮೇಲಿನ ಯಾವ ಭಾರ ಹೊತ್ತಿದೆ ಅಂತ ನೋಡಬೇಕಲ್ವಾ? ಸಮಾಜದ ಪದ್ಧತಿ, ಸಂಸ್ಥೆಗಳು ಹಾಗೇ ಅಂದ ಬರ್ಕ್. ತಲೆಮಾರುಗಳು ಸೇರಿ ಕಟ್ಟಿದ್ದನ್ನು ಒಂದು ತಲೆಮಾರು ತನ್ನ ಸ್ವಂತ ಆಸ್ತಿ ಅಂದುಕೊಳ್ಳಬಾರದು. ಆದರೆ ದುರಸ್ತಿ ಬೇಡ ಅಂತ ಅವನು ಹೇಳಲಿಲ್ಲ. ಬದಲಾಗುವ ದಾರಿಯೇ ಇಲ್ಲದ ರಾಜ್ಯಕ್ಕೆ ಉಳಿಯುವ ದಾರಿಯೂ ಇಲ್ಲ ಅನ್ನುವುದು ಅದೇ ಪುಸ್ತಕದ ವಾದ. ಈ ಅರ್ಧವನ್ನು ಅವನ ಅಭಿಮಾನಿಗಳು ಆಗಾಗ ಮರೀತಾರೆ.

ಅವನ ಆಯುಷ್ಯದ ದೊಡ್ಡ ಪಾಲನ್ನು ತಿಂದದ್ದು ಫ್ರಾನ್ಸ್ ಅಲ್ಲ, ಭಾರತ. 1785ರ ಫೆಬ್ರವರಿ 28ರಂದು ಹೌಸ್ ಆಫ್ ಕಾಮನ್ಸ್‌ನಲ್ಲಿ ಅವನೊಂದು ಭಾಷಣ ಮಾಡಿದ. ವಿಷಯ, ಆರ್ಕಾಟ್ ನವಾಬನ ಸಾಲ. ನವಾಬ ಮಹಮ್ಮದ್ ಅಲಿಗೆ ಮದ್ರಾಸಿನ ಈಸ್ಟ್ ಇಂಡಿಯಾ ಕಂಪನಿಯ ನೌಕರರೇ ಖಾಸಗಿಯಾಗಿ ಭಾರೀ ಬಡ್ಡಿಗೆ ಸಾಲ ಕೊಟ್ಟಿದ್ದರು. ಸಾಲಕ್ಕೆ ಅಡವು ಏನು? ರೈತರು ಕಟ್ಟುವ ಕಂದಾಯ! ಈ ಸಾಲಗಾರರಲ್ಲಿ ಮುಂದಾಳು ಪಾಲ್ ಬೆನ್‌ಫೀಲ್ಡ್. ಮೂಲತಃ ಎಂಜಿನಿಯರ್, ನಮ್ಮ ವೃತ್ತಿಯವನೇ, ಏನು ಮಾಡೋದು. ಸಾಲ ನಿಜವೋ ಸುಳ್ಳೋ ಅಂತ ವಿಚಾರಿಸದೆ ಅಷ್ಟನ್ನೂ ಆರ್ಕಾಟ್ ಸೀಮೆಯ ಕಂದಾಯದಿಂದ ತೀರಿಸಿ ಅಂತ ಪಿಟ್ ಸರ್ಕಾರದ ಆದೇಶವಾಯಿತು. ಬರ್ಕ್ ಸಿಡಿದೆದ್ದದ್ದು ಅದಕ್ಕೆ.

ಆ ಭಾಷಣದಲ್ಲಿ ಹೈದರಲಿ ಬರ್ತಾನೆ. 1780ರಲ್ಲಿ ಅವನ ಸೈನ್ಯ ಘಾಟಿ ಇಳಿದು ಆರ್ಕಾಟ್ ಸೀಮೆಗೆ ನುಗ್ಗಿದ್ದನ್ನು ಬರ್ಕ್ ಕಪ್ಪು ಮೋಡ ಕವಿದು ಸಿಡಿದ ಹಾಗೆ ವರ್ಣಿಸುತ್ತಾನೆ. ಸುಟ್ಟ ಊರು, ಓಡುವ ಜನ, ಆಮೇಲೆ ಬಂದ ಹಸಿವು, ಯಾವುದನ್ನೂ ಬಿಡುವುದಿಲ್ಲ. ಹೈದರನನ್ನು ಹೊಗಳುವುದೂ ಇಲ್ಲ. ಆದರೆ ಇದಕ್ಕೆ ಕಾರಣ ಯಾರು ಅಂತ ಬಂದಾಗ ಬೆರಳು ತಿರುಗುವುದು ತನ್ನವರ ಕಡೆಗೇ: ಯಾವ ಒಪ್ಪಂದಕ್ಕೂ ಯಾವ ಸಹಿಗೂ ಬದ್ಧರಾಗದ ಜನ ಇವರು ಅಂತ ಹೈದರನಿಗೆ ಗೊತ್ತಾಗಿಹೋಗಿತ್ತು ಅನ್ನುತ್ತಾನೆ. ಮೈಸೂರಿನ ಇತಿಹಾಸ ಓದಿದವರಿಗೆ ಇದು ಗೊತ್ತಿರುವ ವಿಷಯವೇ. 1769ರ ಮದ್ರಾಸ್ ಒಪ್ಪಂದದಲ್ಲಿ ಕಷ್ಟಕಾಲಕ್ಕೆ ನೆರವಾಗ್ತೀವಿ ಅಂದ ಕಂಪನಿ, ಮರಾಠರು ಮೇಲೆ ಬಿದ್ದಾಗ ಕೈಕಟ್ಟಿ ಕೂತಿತ್ತು.

ಇದಾದ ಮೇಲೆ ಬರ್ಕ್ ಕೆರೆಗಳಿಗೆ ಬರುತ್ತಾನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಭಾಗ. ಭಾರತಕ್ಕೆ ಒಮ್ಮೆಯೂ ಬಾರದ ಮನುಷ್ಯ ನಕ್ಷೆ ಇಟ್ಟುಕೊಂಡು ಲಂಡನ್ನಿನ ಸದಸ್ಯರಿಗೆ ಹೇಳುತ್ತಾನೆ: ಆರ್ಕಾಟ್, ತಂಜಾವೂರು ಸೀಮೆಗಳಲ್ಲಿ ದೊಡ್ಡವು, ಮಧ್ಯಮದವು ಸೇರಿ ಹತ್ತು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಕೆರೆಗಳಿವೆ. ಇವನ್ನು ಕಟ್ಟಿದವರು ನಿಜವಾದ ದೊರೆಗಳು, ತಮ್ಮ ಕಾಲ ಮುಗಿದ ಮೇಲೂ ಜನ ಬದುಕಲಿ ಅಂತ ಕಟ್ಟಿದವರು. ದುರಸ್ತಿಗೆ ದುಡ್ಡಿಲ್ಲ, ಬಡ್ಡಿಗೆ ದುಡ್ಡಿದೆ ಅಂದರೆ ಆ ನಾಡು ಉಳಿಯುವುದು ಹೇಗೆ?

ಕೆರೆಯ ಉಸ್ತುವಾರಿಗೆಂದೇ ಬಿತ್ತುವಟ್ಟದ ಭೂಮಿ ಬಿಟ್ಟ ಶಾಸನಗಳು ನಮ್ಮಲ್ಲಿ ಬೇಕಾದಷ್ಟಿವೆ. ಕಟ್ಟುವುದಲ್ಲ, ಹೂಳು ತೆಗೆಸುತ್ತಾ ಇರುವುದೇ ಕಷ್ಟ ಅಂತ ಅವರಿಗೆ ಗೊತ್ತಿತ್ತು. ಪರಂಪರೆಯ ಬಗ್ಗೆ ಗಂಟಲು ಹರಿಯುವ ಹಾಗೆ ಮಾತಾಡುವ ನಾವು ಬೆಂಗಳೂರಿನ ಧರ್ಮಾಂಬುಧಿ ಕೆರೆಯನ್ನು ಬಸ್‌ ನಿಲ್ದಾಣ ಮಾಡಿ, ಅದಕ್ಕೆ ಕೆಂಪೇಗೌಡರ ಹೆಸರಿಟ್ಟೆವು.

1788ರಲ್ಲಿ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ವಾರನ್ ಹೇಸ್ಟಿಂಗ್ಸ್ ಮೇಲಿನ ಮಹಾಭಿಯೋಗ ಶುರುವಾಯಿತು. ಅದಕ್ಕೂ ಬರ್ಕನೇ ಮುಂದಾಳು. ಪೂರ್ವದೇಶಗಳಲ್ಲಿ ಆಡಳಿತ ಅಂದರೆ ಹಾಗೇ, ಅಲ್ಲಿಗೆ ಇಲ್ಲಿಯ ನೀತಿ ಅನ್ವಯಿಸಲ್ಲ ಅನ್ನುವ ಸಮರ್ಥನೆಯನ್ನು ಅವನು ಹರಿದು ಹಾಕಿದ. ಭೂಪಟದಲ್ಲಿ ಜಾಗ ಬದಲಾದರೆ ನ್ಯಾಯ ಬದಲಾಗುವುದಿಲ್ಲ, ಭಾರತದವರಿಗೂ ಅವರದೇ ಹಳೆಯ ಕಾನೂನು, ಹಕ್ಕು, ಮರ್ಯಾದೆ ಇದೆ ಅಂದ. ಏಳು ವರ್ಷ ನಡೆದ ವಿಚಾರಣೆ 1795ರ ಏಪ್ರಿಲ್ 23ರಂದು ಮುಗಿಯಿತು. ಹೇಸ್ಟಿಂಗ್ಸ್ ನಿರ್ದೋಷಿ ಅಂತ ತೀರ್ಪಾಯಿತು.

ಇಷ್ಟು ಹೇಳಿ ನಿಲ್ಲಿಸಿದರೆ ಬರ್ಕ್‌ಗೆ ಹಾರ ಹಾಕಿದ ಹಾಗಾಗುತ್ತದೆ. ಅದೇ 1795ರಲ್ಲಿ ಇಂಗ್ಲೆಂಡಿನಲ್ಲಿ ಧಾನ್ಯದ ಅಭಾವ ಬಂತು. ಆರ್ಕಾಟಿನ ಹಸಿದವರಿಗಾಗಿ ಅಷ್ಟು ಮರುಗಿದವನು ತನ್ನ ದೇಶದ ಕೂಲಿಗಾರರ ವಿಷಯ ಬಂದಾಗ, ಅವರಿಗೆ ಅನ್ನ ಒದಗಿಸುವುದು ಸರ್ಕಾರದ ಕೆಲಸವಲ್ಲ ಅಂತ ಬರೆದ. ಹೊರಗಿನಿಂದ ಬಂದವರು ಮಾಡಿದ ಅನ್ಯಾಯ ಅವನಿಗೆ ಚೆನ್ನಾಗಿ ಕಾಣುತ್ತಿತ್ತು. ಹಳೆಯ ಮನೆಯೊಳಗೆ, ಮನೆಯವರೇ ಮಾಡಿಕೊಂಡು ಬಂದ ಅನ್ಯಾಯ ಅಷ್ಟಾಗಿ ಕಾಣಲಿಲ್ಲ. ಅವನ ಕೆರೆಗಳ ವರ್ಣನೆಯಲ್ಲೂ ಒಂದು ಪ್ರಶ್ನೆ ಇಲ್ಲ: ಆ ನೀರನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು?

ಆ ಪ್ರಶ್ನೆಯನ್ನು ಎತ್ತಿದ್ದು ಡಾ. ಅಂಬೇಡ್ಕರ್. ಕೊಂಕಣದ ಮಹಾಡ್‌ನ ಚವದಾರ್ ಕೆರೆ ಕಾಗದದ ಮೇಲೆ ಎಲ್ಲರಿಗೂ ತೆರೆದಿತ್ತು. ಪುರಸಭೆಯ ನಿರ್ಣಯ ಆಗಿಹೋಗಿತ್ತು. 1927ರ ಮಾರ್ಚ್ 20ರಂದು ಅವರು ಸಾವಿರಾರು ಜನರ ಜೊತೆ ನಡೆದುಹೋಗಿ ಆ ನೀರು ಕುಡಿದರು. ಅವರು ಕೆರೆ ಒಡೆಯಲು ಹೋದವರಲ್ಲ, ಕೆರೆಯ ನೀರು ಕುಡಿಯಲು ಹೋದವರು. ಊರಿನ ಸಂಪ್ರದಾಯಸ್ಥರು ಜನರ ಮೇಲೆ ಹಲ್ಲೆ ಮಾಡಿದರು. ಆಮೇಲೆ ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು. ಅಲ್ಲಿಗೂ ಬಿಡದೆ ಕೋರ್ಟಿಗೆ ಹೋದರು. ಅವರ ವಾದವೂ ಪರಂಪರೆಯದೇ: ಇವರು ಈ ಕೆರೆ ಮುಟ್ಟಬಾರದು ಅನ್ನುವುದು ಅನಾದಿ ಕಾಲದ ಪದ್ಧತಿ.

ಹತ್ತು ವರ್ಷ ಎಳೆದಾಡಿತು. 1937ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟ್ ತೀರ್ಪು ಕೊಟ್ಟಿತು. ಅಂಥದ್ದೊಂದು ಅನಾದಿ ಪದ್ಧತಿ ಇತ್ತು ಅನ್ನುವುದನ್ನು ಸಾಬೀತು ಮಾಡಲು ಅವರ ಕೈಲಿ ಆಗಿರಲಿಲ್ಲ.